ಶುಗರ್ ಮಾತ್ರೆ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್: ಒಂದು ಆಸೆಯ ಇತಿಹಾಸ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ನಿಧಾನವಾಗಿ ಓದಿಯೇ ತಿಳ್ಕೋಬೇಕು ಅನ್ನುವವರಿಗೆ ಎಂದಿನಂತೆ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಹಿಂದೆ ಮುಂದೆ ಆದದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಅಷ್ಟೆ.

ಈ ಸಲದ ವಿಷಯ ಹುಟ್ಟಿದ್ದು ನಮ್ಮ ಮನೆಯಲ್ಲೇ. ಪುಣೆಯಲ್ಲಿ ನನ್ನ ಅಕ್ಕ, ಭಾವ ಇದ್ದಾರೆ. ಭಾವನಿಗೆ ಈಗ ಎಪ್ಪತ್ತೊಂದು. ಎರಡು ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯಿತು. ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್ ಶುರುವಾಯಿತು. ಪಿಎಸ್‌ಎ ಸರ್ರನೆ ಇಳಿಯಿತು. ಮನೆಯಲ್ಲಿ ಎಲ್ಲರೂ ಉಸಿರು ಬಿಟ್ಟೆವು. ಆದರೆ ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆ ಮುಂದೆ ಬಂತು, ಕೈಕಾಲು ಸೊರಗಿದವು, ಮೆಟ್ಟಿಲು ಹತ್ತಿದರೆ ಸುಸ್ತು. ಜನ್ಮದಲ್ಲಿ ಶುಗರ್ ಇಲ್ಲದವರ ರಿಪೋರ್ಟಿನಲ್ಲಿ ಶುಗರ್ ಬಂತು. ಡಾಕ್ಟರು ಮೆಟ್‌ಫಾರ್ಮಿನ್ ಬರೆದುಕೊಟ್ಟರು.

ಅದೇ ವಾರ ಅವರಿಗೆ ವಾಟ್ಸಾಪಿನಲ್ಲಿ ಒಂದು ಮೆಸೇಜು ಬಂತು. ಮೆಟ್‌ಫಾರ್ಮಿನ್ ಕ್ಯಾನ್ಸರನ್ನೇ ಕೊಲ್ಲುತ್ತದೆ, ಕಂಪನಿಗಳು ಮುಚ್ಚಿಟ್ಟಿವೆ ಅಂತ. ರಾತ್ರಿ ನನಗೆ ಫೋನ್ ಮಾಡಿದರು. "ನೋಡಯ್ಯಾ, ಒಂದೇ ಕಲ್ಲಿಗೆ ಎರಡು ಹಕ್ಕಿ. ಶುಗರ್ ಮಾತ್ರೆಯೇ ಕ್ಯಾನ್ಸರ್‌ಗೂ ಔಷಧಿಯಂತೆ. ಆ ಇಂಜೆಕ್ಷನ್ನಿನಿಂದ ತಾನೇ ನನಗೆ ಇಷ್ಟೆಲ್ಲ ಆಗಿದ್ದು? ಮುಂದಿನ ತಿಂಗಳದ್ದು ಬಿಟ್ಟುಬಿಡೋಣ ಅಂತಿದ್ದೀನಿ."

ನಾನು ಡಾಕ್ಟರಲ್ಲ. ಇತಿಹಾಸ ಓದುವವನು. "ಭಾವ, ಒಂದು ವಾರ ಟೈಮ್ ಕೊಡಿ, ಓದಿ ಹೇಳ್ತೀನಿ" ಅಂದೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಯಿತು. ಆ ಮೆಸೇಜಿನಲ್ಲಿ ಇದ್ದದ್ದು ಪೂರ್ತಿ ಸುಳ್ಳಲ್ಲ. ಅದು ಹಳೆಯ ಸುದ್ದಿ. ಇಪ್ಪತ್ತು ವರ್ಷದ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೇ ಇಟ್ಟುಕೊಂಡಿದ್ದ ಆಸೆ. ಆ ಆಸೆ ಎಲ್ಲಿ ಹುಟ್ಟಿತು, ಏನಾಯಿತು, ಕೊನೆಗೆ ನಮ್ಮ ಕೈಗೆ ಏನು ಉಳಿಯಿತು ಅನ್ನೋದೇ ಇವತ್ತಿನ ಕಥೆ.

ಮೊದಲು ಇಂಜೆಕ್ಷನ್ನಿನ ಕಥೆ

1941ಕ್ಕೆ ಹೋಗೋಣ. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯ. ಚಾರ್ಲ್ಸ್ ಹಗಿನ್ಸ್ ಅಂತ ಒಬ್ಬ ಸರ್ಜನ್, ಜೊತೆಗೆ ಕ್ಲಾರೆನ್ಸ್ ಹಾಜಸ್ ಅನ್ನುವ ಸಹೋದ್ಯೋಗಿ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆ ಹರಡಿ, ನೋವಿನಿಂದ ಹಾಸಿಗೆ ಹಿಡಿದವರಿಗೆ ಆಗ ಮಾಡಲು ಹೆಚ್ಚೇನೂ ಇರಲಿಲ್ಲ. ಇವರು ವೃಷಣಗಳನ್ನು ಆಪರೇಷನ್ ಮಾಡಿ ತೆಗೆದರು, ಅಥವಾ ಈಸ್ಟ್ರೋಜನ್ ಹಾರ್ಮೋನ್ ಕೊಟ್ಟರು. ಕ್ಯಾನ್ಸರ್ ಹಿಂದೆ ಸರಿಯಿತು. ಈ ಕ್ಯಾನ್ಸರ್ ಬೆಳೆಯೋದು ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ಮೇಲೆ, ಅದನ್ನು ನಿಲ್ಲಿಸಿದರೆ ಇದೂ ಸೊರಗುತ್ತದೆ ಅಂತ ತೋರಿಸಿದ್ದು ಅವರು. 1966ರಲ್ಲಿ ಹಗಿನ್ಸ್‌ಗೆ ನೊಬೆಲ್ ಬಂತು. ಇವತ್ತು ನಮ್ಮ ಭಾವನಿಗೆ ಕೊಡುತ್ತಿರುವುದೂ ಅದೇ ಮೂಲ ಐಡಿಯಾ.

ಆದರೆ ಗಮನಿಸಿ, ಈ ಚಿಕಿತ್ಸೆಗೆ ಬೆಲೆ ಇದೆ ಅನ್ನೋದು ಕೂಡ ಬೇಗನೆ ಗೊತ್ತಾಯಿತು. 1960ರ ದಶಕದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ದೊಡ್ಡದೊಂದು ಪರೀಕ್ಷೆ ನಡೆಯಿತು. ಸ್ಟಿಲ್‌ಬೆಸ್ಟ್ರಾಲ್ ಅನ್ನುವ ಕೃತಕ ಈಸ್ಟ್ರೋಜನ್ ಮಾತ್ರೆಯನ್ನು ದಿನಕ್ಕೆ 5 ಮಿಲಿಗ್ರಾಂ ಕೊಟ್ಟವರಲ್ಲಿ ಕ್ಯಾನ್ಸರಿನಿಂದ ಸತ್ತವರು ಕಡಿಮೆ. ಆದರೆ ಹೃದಯ, ರಕ್ತನಾಳದ ತೊಂದರೆಯಿಂದ ಸತ್ತವರು ಹೆಚ್ಚು. ಕ್ಯಾನ್ಸರ್ ಸೋತಿತು, ರೋಗಿ ಉಳಿಯಲಿಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಯವರೆಗೂ ಬೇಕಾಗುತ್ತದೆ.

ಆಮೇಲೆ ಬಂದದ್ದು ಇಂಜೆಕ್ಷನ್. ನಮ್ಮ ಮೆದುಳಿನಿಂದ ಹೊರಡುವ ಒಂದು ಪುಟ್ಟ ಹಾರ್ಮೋನ್, ಟೆಸ್ಟೋಸ್ಟೆರಾನ್ ಕಾರ್ಖಾನೆಗೆ ಆರ್ಡರ್ ಕಳಿಸುತ್ತದೆ. ಅದರ ರಚನೆಯನ್ನು 1971ರಲ್ಲಿ ಆಂಡ್ರೂ ಶಾಲಿ ತಂಡ ಬಿಡಿಸಿತು. ಶಾಲಿ ಮತ್ತು ರೋಜರ್ ಗಿಲ್ಲೆಮಿನ್ ಇಬ್ಬರಿಗೂ ಮೆದುಳಿನ ಹಾರ್ಮೋನ್‌ಗಳ ಕೆಲಸಕ್ಕೆ 1977ರಲ್ಲಿ ನೊಬೆಲ್ ಬಂತು. ಮಜಾ ಏನು ಅಂದರೆ, ಆ ಹಾರ್ಮೋನಿನ ನಕಲನ್ನು ಬಿಡದೆ ಕೊಡುತ್ತಾ ಹೋದರೆ ಮೊದಲು ಸ್ವಲ್ಪ ದಿನ ಟೆಸ್ಟೋಸ್ಟೆರಾನ್ ಏರಿ, ಆಮೇಲೆ ಆ ಕಾರ್ಖಾನೆ ಬಾಗಿಲು ಹಾಕಿಬಿಡುತ್ತದೆ. ಆಪರೇಷನ್ ಬೇಡ. 1985ರಲ್ಲಿ ಲ್ಯೂಪ್ರೊಲೈಡ್ ಅನ್ನುವ ಇಂಥ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ದೇಶದಲ್ಲಿ ಖರ್ಚು ನೋಡಿಕೊಂಡು ಇಂದಿಗೂ ಆಪರೇಷನ್ನೇ ಮಾಡಿಸಿಕೊಳ್ಳುವವರಿದ್ದಾರೆ. ದಾರಿ ಬೇರೆ, ತಲುಪುವ ಊರು ಒಂದೇ. ಟೆಸ್ಟೋಸ್ಟೆರಾನ್ ಇಲ್ಲದ ದೇಹ.

ಟೆಸ್ಟೋಸ್ಟೆರಾನ್ ಇಲ್ಲದ ದೇಹದಲ್ಲಿ ಏನಾಗುತ್ತದೆ? ಮಾಂಸಖಂಡ ಕರಗುತ್ತದೆ, ಕೊಬ್ಬು ಸೇರುತ್ತದೆ. ನಾವು ಉಂಡ ಅನ್ನದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳೋದು ಮಾಂಸಖಂಡವೇ. ಅದು ಕಡಿಮೆಯಾದರೆ, ಇದ್ದದ್ದೂ ಇನ್ಸುಲಿನ್ ಮಾತು ಕೇಳದೆ ಹೋದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. 2006ರಲ್ಲಿ ಬಾಸ್ಟನ್ನಿನ ಮ್ಯಾಥ್ಯೂ ಸ್ಮಿತ್ ತಂಡ ಡಯಾಬಿಟಿಸ್ ಇಲ್ಲದ 25 ಗಂಡಸರನ್ನು ಈ ಚಿಕಿತ್ಸೆ ಶುರುವಾದ ಮೇಲೆ 12 ವಾರ ಅಳೆದು ನೋಡಿತು. ಬರೀ 12 ವಾರದಲ್ಲಿ ಮೈಯ ಕೊಬ್ಬು ಸರಾಸರಿ 4.3 ಶೇಕಡಾ ಹೆಚ್ಚಿತ್ತು, ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಶಕ್ತಿ ಸುಮಾರು 13 ಶೇಕಡಾ ಇಳಿದಿತ್ತು.

ಅದೇ ವರ್ಷ ನ್ಯಾನ್ಸಿ ಕೀಟಿಂಗ್ ಮತ್ತು ಸಂಗಡಿಗರು ಅಮೆರಿಕದ ಹಿರಿಯರ ಸರ್ಕಾರಿ ವಿಮೆಯ ದಾಖಲೆಗಳನ್ನು ಜಾಲಾಡಿದರು. 66 ದಾಟಿದ 73,196 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳು. ಈ ಇಂಜೆಕ್ಷನ್ ತಗೊಂಡವರಲ್ಲಿ ಹೊಸದಾಗಿ ಡಯಾಬಿಟಿಸ್ ಬರುವ ಸಾಧ್ಯತೆ, ತಗೊಳ್ಳದವರಿಗಿಂತ 44 ಶೇಕಡಾ ಹೆಚ್ಚು. ಹೃದಯದ ಕಾಯಿಲೆ 16 ಶೇಕಡಾ ಹೆಚ್ಚು. ಆಪರೇಷನ್ ಮಾಡಿಸಿಕೊಂಡವರಲ್ಲೂ ಡಯಾಬಿಟಿಸ್ 34 ಶೇಕಡಾ ಹೆಚ್ಚು. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಇಂಜೆಕ್ಷನ್‌ಗಳ ಲೇಬಲ್ ಮೇಲೆ ಡಯಾಬಿಟಿಸ್, ಹೃದಯದ ಎಚ್ಚರಿಕೆ ಸೇರಿಸಬೇಕು ಅಂತ ಹೇಳಿತು.

ಅಂದರೆ ಭಾವ ಹೇಳಿದ್ದರಲ್ಲಿ ಅರ್ಧ ಸರಿ. ಇಂಜೆಕ್ಷನ್ನಿನಿಂದಲೇ ಶುಗರ್ ಬಂದಿರಬಹುದು. ಅವರ ಕಲ್ಪನೆ ಅಲ್ಲ ಅದು. ಆದರೆ ಅದಕ್ಕೆ ಉತ್ತರ ಇಂಜೆಕ್ಷನ್ ಬಿಡುವುದಾ? ಅದಕ್ಕೆ ಮಾತ್ರೆಯ ಕಥೆ ಕೇಳಬೇಕು.

ಮಾತ್ರೆ ಬಂದದ್ದು ಗಿಡದಿಂದ

ಯುರೋಪಿನಲ್ಲಿ ಗಲೇಗಾ ಅನ್ನುವ ಒಂದು ಗಿಡ ಇದೆ. ನಮ್ಮ ಅವರೆ, ಹುರುಳಿಯ ಕುಟುಂಬದ್ದೇ. ನೇರಳೆ ಬಣ್ಣದ ಹೂ. ಕುರಿಗಳು ಜಾಸ್ತಿ ಮೇಯ್ದರೆ ಸತ್ತೇ ಹೋಗುತ್ತವೆ, ಅಷ್ಟು ವಿಷ. ಅದರಲ್ಲಿ ಗ್ವಾನಿಡಿನ್ ಜಾತಿಯ ಒಂದು ರಾಸಾಯನಿಕ ಇದೆ. ಗ್ವಾನಿಡಿನ್ ಕೊಟ್ಟರೆ ಪ್ರಾಣಿಗಳ ರಕ್ತದ ಸಕ್ಕರೆ ಇಳಿಯುತ್ತದೆ ಅಂತ 1918ರಲ್ಲೇ ಕಂಡುಕೊಂಡಿದ್ದರು. 1922ರಲ್ಲಿ ಡಬ್ಲಿನ್ನಿನಲ್ಲಿ ಎಮಿಲ್ ವರ್ನರ್, ಜೇಮ್ಸ್ ಬೆಲ್ ಅನ್ನುವ ಇಬ್ಬರು ಅದೇ ಕುಟುಂಬದ ಇನ್ನೊಂದು ರಾಸಾಯನಿಕ ತಯಾರಿಸಿದರು. ಅದೇ ಮೆಟ್‌ಫಾರ್ಮಿನ್. ಆದರೆ ಅದೇ ಹೊತ್ತಿಗೆ ಟೊರೊಂಟೊದಲ್ಲಿ ಇನ್ಸುಲಿನ್ ಬಂದು ಪ್ರಪಂಚವೇ ಅತ್ತ ತಿರುಗಿತು. ಈ ಬಡಪಾಯಿ ಪುಡಿ ಮೂಲೆ ಸೇರಿತು.

1950ರ ಹೊತ್ತಿಗೆ ಫಿಲಿಪ್ಪೀನ್ಸ್‌ನ ಯುಸೇಬಿಯೊ ಗಾರ್ಸಿಯಾ ಅನ್ನುವ ವೈದ್ಯರು ಇದನ್ನು ಫ್ಲೂ ಜ್ವರಕ್ಕೆ ಕೊಟ್ಟು ನೋಡಿದರು. ಸಕ್ಕರೆ ಇಳಿಯುವುದನ್ನೂ ಬರೆದಿಟ್ಟರು. ಆ ಎಳೆ ಹಿಡಿದವರು ಪ್ಯಾರಿಸ್ಸಿನ ಝಾನ್ ಸ್ಟೆರ್ನ್. 1957ರಲ್ಲಿ ಡಯಾಬಿಟಿಸ್ ರೋಗಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಅವರಿಟ್ಟ ಹೆಸರು ಗ್ಲೂಕೋಫಾಜ್, ಅಂದರೆ ಗ್ಲೂಕೋಸ್ ತಿನ್ನುವಂಥದ್ದು.

ಮೆಟ್‌ಫಾರ್ಮಿನ್‌ಗೆ ಫೆನ್‌ಫಾರ್ಮಿನ್ ಅಂತ ಒಬ್ಬ ದಾಯಾದಿ ಇದ್ದ. ಹೆಚ್ಚು ಜೋರಿನವನು. ಆದರೆ ಕೆಲವರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜೀವಕ್ಕೇ ಅಪಾಯವಾಗುತ್ತಿತ್ತು. 1977ರಲ್ಲಿ ಅಮೆರಿಕ ಸರ್ಕಾರ ಅದನ್ನು ನಿಲ್ಲಿಸುವಂತೆ ಆದೇಶ ಮಾಡಿತು. ದಾಯಾದಿ ಮಾಡಿದ ತಪ್ಪಿಗೆ ಮೆಟ್‌ಫಾರ್ಮಿನ್ ಮೇಲೂ ಅನುಮಾನ. ಅಮೆರಿಕದಲ್ಲಿ ಅದು ಮಾರಾಟಕ್ಕೆ ಬಂದದ್ದು 1995ರಲ್ಲಿ, ಫ್ರಾನ್ಸ್‌ಗಿಂತ ಹೆಚ್ಚುಕಡಿಮೆ ನಾಲ್ಕು ದಶಕ ತಡ.

ನಿಜವಾದ ಮರ್ಯಾದೆ ಸಿಕ್ಕಿದ್ದು 1998ರಲ್ಲಿ. ಬ್ರಿಟನ್ನಿನಲ್ಲಿ ರಾಬರ್ಟ್ ಟರ್ನರ್ ಮುಂದಾಳತ್ವದ ದೊಡ್ಡ ಡಯಾಬಿಟಿಸ್ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ ಮೆಟ್‌ಫಾರ್ಮಿನ್ ಪಾಲಿಗೆ ಬಂದ, ತೂಕ ಹೆಚ್ಚಿದ್ದ 342 ಜನರಲ್ಲಿ, ಬರೀ ಪಥ್ಯದವರಿಗಿಂತ ಒಟ್ಟು ಸಾವು 36 ಶೇಕಡಾ ಕಡಿಮೆ. ಅಲ್ಲಿಂದ ಇದು ಡಯಾಬಿಟಿಸ್‌ನ ಮೊದಲ ಮಾತ್ರೆಯಾಯಿತು. ಇವತ್ತು ನಮ್ಮ ಎಷ್ಟು ಮನೆಗಳಲ್ಲಿ ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಭರಣಿ ಪಕ್ಕದಲ್ಲೇ ಇದರ ಸ್ಟ್ರಿಪ್ ಇರುತ್ತದೆ, ನೀವೇ ನೋಡಿದ್ದೀರಿ.

ಆಸೆ ಹುಟ್ಟಿದ ವರ್ಷ

ಈಗ ಕ್ಯಾನ್ಸರ್ ಎಲ್ಲಿಂದ ಬಂತು? 2000ದ ಆಸುಪಾಸಿನಲ್ಲಿ ಎರಡು ಎಳೆ ಸೇರಿದವು. ಜೀವಕೋಶದಲ್ಲಿ ಇಂಧನ ಕಡಿಮೆಯಾದಾಗ ಎಚ್ಚರಿಸುವ ಒಂದು ಸ್ವಿಚ್ ಇದೆ, ಎಎಂಪಿಕೆ ಅಂತ ಹೆಸರು. ಮೆಟ್‌ಫಾರ್ಮಿನ್ ಅದನ್ನು ಒತ್ತುತ್ತದೆ ಅಂತ 2001ರಲ್ಲಿ ಗೊತ್ತಾಯಿತು. ಆ ಸ್ವಿಚ್ಚನ್ನು ಒತ್ತುವ ಇನ್ನೊಂದು ಪ್ರೋಟೀನ್, ಎಲ್‌ಕೆಬಿ1 ಅನ್ನುವುದು, ಗಡ್ಡೆ ಬೆಳೆಯದಂತೆ ತಡೆಯುವಂಥದ್ದು ಅಂತ ಮೊದಲೇ ಗೊತ್ತಿತ್ತು. ಎರಡನ್ನೂ ಕೂಡಿಸಿದರೆ? ಈ ಮಾತ್ರೆ ಕ್ಯಾನ್ಸರನ್ನೂ ತಡೆಯಬಹುದಲ್ಲ!

ಸ್ಕಾಟ್ಲೆಂಡಿನ ಡಂಡಿ ಊರಿನಲ್ಲಿ ಜೋಸಿ ಎವನ್ಸ್, ಆಂಡ್ರೂ ಮಾರಿಸ್, ಡಾರಿಯೊ ಅಲೆಸ್ಸಿ ಮೊದಲಾದವರು ಅಲ್ಲಿನ ಡಯಾಬಿಟಿಸ್ ರೋಗಿಗಳ ದಾಖಲೆ ತೆಗೆದು ನೋಡಿದರು. 2005ರಲ್ಲಿ ಪ್ರಕಟವಾಯಿತು. ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಕ್ಯಾನ್ಸರ್ ಸುಮಾರು ಐದನೇ ಒಂದು ಪಾಲು ಕಡಿಮೆ ಕಂಡಿತು. ಎರಡೇ ಪುಟದ ಸಣ್ಣ ಬರಹ, ಆದರೆ ಕಿಡಿ ಹೊತ್ತಿಸಿತು. 2013ರಲ್ಲಿ ಟೊರೊಂಟೊದಿಂದ ಇನ್ನೊಂದು ಬಂತು. ಪ್ರಾಸ್ಟೇಟ್ ಕ್ಯಾನ್ಸರ್ ಬಂದ 3,837 ಡಯಾಬಿಟಿಸ್ ರೋಗಿಗಳಲ್ಲಿ, ಮೆಟ್‌ಫಾರ್ಮಿನ್ ತಗೊಂಡ ಪ್ರತಿ ಹೆಚ್ಚುವರಿ ಆರು ತಿಂಗಳಿಗೆ ಆ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ 24 ಶೇಕಡಾ ಕಡಿಮೆ. ಭಾವನ ವಾಟ್ಸಾಪ್ ಮೆಸೇಜಿನ ಬೇರು ಇಂಥ ಸುದ್ದಿಗಳಲ್ಲೇ ಇದೆ.

ಆದರೆ ಹಳೆಯ ದಾಖಲೆ ನೋಡಿ ತೀರ್ಮಾನ ಮಾಡುವುದರಲ್ಲಿ ಒಂದು ಮೋಸ ಇದೆ. ನಮ್ಮ ಕನ್ನಡ ಸಂಘಗಳ ಉದಾಹರಣೆ ಕೊಡ್ತೀನಿ. ಇಪ್ಪತ್ತೈದು ವರ್ಷ ಸದಸ್ಯರಾಗಿದ್ದವರಿಗೆ ರಾಜ್ಯೋತ್ಸವದ ದಿನ ಶಾಲು ಹೊದಿಸಿ ಸನ್ಮಾನ ಮಾಡ್ತಾರೆ ಅಂತಿಟ್ಟುಕೊಳ್ಳಿ. ಹಳೆಯ ಸದಸ್ಯರ ರಿಜಿಸ್ಟರ್ ತೆಗೆದು ಲೆಕ್ಕ ಹಾಕಿದರೆ, ಸನ್ಮಾನ ಆದವರು ಸನ್ಮಾನ ಆಗದವರಿಗಿಂತ ಹೆಚ್ಚು ವರ್ಷ ಬದುಕಿರುತ್ತಾರೆ. ಶಾಲಿನಿಂದ ಆಯುಸ್ಸು ಬಂತಾ? ಇಲ್ಲ. ಶಾಲು ಹೊದಿಸಿಕೊಳ್ಳಬೇಕಾದರೆ ಮೊದಲು ಅಷ್ಟು ವರ್ಷ ಬದುಕಿರಬೇಕು! ಔಷಧಿಯ ಲೆಕ್ಕದಲ್ಲೂ ಹಾಗೇ. ತುಂಬಾ ವರ್ಷ ಮಾತ್ರೆ ತಿಂದವರು ಅಂದರೆ ತುಂಬಾ ವರ್ಷ ಬದುಕಿದ್ದವರು. ಮೆಟ್‌ಫಾರ್ಮಿನ್ ಮತ್ತು ಕ್ಯಾನ್ಸರ್ ಬಗ್ಗೆ ಬಂದ ಎಷ್ಟೋ ಅಧ್ಯಯನಗಳಲ್ಲಿ ಇಂಥ ಕಾಲದ ಲೆಕ್ಕದ ತಪ್ಪುಗಳಿವೆ ಅಂತ 2012ರಲ್ಲಿ ಮಾಂಟ್ರಿಯಲ್ಲಿನ ಸ್ಯಾಮಿ ಸುಯಿಸ್ಸಾ, ಲೊರಾನ್ ಅಜೂಲೆ ಎತ್ತಿ ತೋರಿಸಿದರು. ಟೊರೊಂಟೊದವರು ಈ ತಪ್ಪಾಗದ ಹಾಗೆ ಎಚ್ಚರ ವಹಿಸಿದ್ದರು. ಆದರೂ ದಾಖಲೆ ದಾಖಲೆಯೇ. ಕಿಡ್ನಿ, ಲಿವರ್ ಗಟ್ಟಿ ಇರುವವರಿಗೇ ಡಾಕ್ಟರು ಈ ಮಾತ್ರೆ ಬರೆದಿರಬಹುದು. ಸತ್ಯ ತಿಳಿಯಬೇಕಾದರೆ ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಲೇಬೇಕು.

ಪರೀಕ್ಷೆಯ ಫಲಿತಾಂಶ

ಹಾಗೆ ನೋಡಿದರು ಕೂಡ. ಬ್ರಿಟನ್ನಿನಲ್ಲಿ ಸ್ಟ್ಯಾಂಪೀಡ್ ಅನ್ನುವ ಪ್ರಾಸ್ಟೇಟ್ ಕ್ಯಾನ್ಸರಿನ ಬೃಹತ್ ಪರೀಕ್ಷೆ 2005ರಿಂದ ನಡೆದಿತ್ತು. 2016ರಿಂದ 2023ರವರೆಗೆ ಅದರ ಒಂದು ಶಾಖೆ ಮೆಟ್‌ಫಾರ್ಮಿನ್‌ಗೇ ಮೀಸಲು. ಬ್ರಿಟನ್, ಸ್ವಿಟ್ಜರ್ಲೆಂಡ್ ಆಸ್ಪತ್ರೆಗಳ 1,874 ಗಂಡಸರು. ಯಾರಿಗೂ ಡಯಾಬಿಟಿಸ್ ಇಲ್ಲ. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಮಾಮೂಲಿ ಚಿಕಿತ್ಸೆಯ ಜೊತೆ 850 ಮಿಲಿಗ್ರಾಂ ಮೆಟ್‌ಫಾರ್ಮಿನ್ ದಿನಕ್ಕೆ ಎರಡು ಸಲ. 2024ರಲ್ಲಿ ಫಲಿತಾಂಶ ಹೇಳಿದರು, 2025ರಲ್ಲಿ ಪೂರ್ತಿ ಪ್ರಕಟವಾಯಿತು.

ಮಾಮೂಲಿ ಚಿಕಿತ್ಸೆಯವರ ಮಧ್ಯಮ ಆಯಸ್ಸು, ಅಂದರೆ ಅರ್ಧ ಜನ ಬದುಕಿದ್ದ ಅವಧಿ, 61.8 ತಿಂಗಳು. ಮೆಟ್‌ಫಾರ್ಮಿನ್ ಸೇರಿಸಿದವರದ್ದು 67.4 ತಿಂಗಳು. ಕೇಳಿದ ತಕ್ಷಣ ಐದೂವರೆ ತಿಂಗಳು ಲಾಭ ಅನ್ನಿಸುತ್ತೆ ಅಲ್ವಾ? ಆದರೆ ಅಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿಯೂ ಬರಬಹುದು ಅಂತ ಅಂಕಿಅಂಶದ ಲೆಕ್ಕ ಹೇಳಿತು. ಮಾತ್ರೆಯಿಂದ ಆಯಸ್ಸು ಹೆಚ್ಚಿತು ಅಂತ ಹೇಳುವ ಹಾಗಿಲ್ಲ. ಕೆನಡಾದಲ್ಲಿ, ಕ್ಯಾನ್ಸರ್ ಇನ್ನೂ ಸಣ್ಣದಿದ್ದು ಚಿಕಿತ್ಸೆ ಇಲ್ಲದೆ ಗಮನಿಸುತ್ತಿದ್ದ 408 ಜನರ ಮೇಲೆ ಮಾಡಿದ ಪರೀಕ್ಷೆಯೂ 2024ರಲ್ಲಿ ಅದನ್ನೇ ಹೇಳಿತು. ಕ್ಯಾನ್ಸರ್ ಮುಂದುವರಿಯುವುದನ್ನು ಮಾತ್ರೆ ತಡೆಯಲಿಲ್ಲ. ಸ್ತನ ಕ್ಯಾನ್ಸರಿನ 3,649 ರೋಗಿಗಳ ಪರೀಕ್ಷೆ 2022ರಲ್ಲೇ ನಿರಾಸೆ ಮಾಡಿತ್ತು.

ಇಪ್ಪತ್ತು ವರ್ಷದ ಆಸೆ ಹೀಗೆ ಮುಗಿಯಿತು. ಯಾವ ಕಂಪನಿಯೂ ಮುಚ್ಚಿಡಲಿಲ್ಲ. ಬೀದಿಗೆ ತಂದು, ಎಲ್ಲರ ಮುಂದೆ ಅಳೆದು, ಇಲ್ಲ ಅಂತ ಹೇಳಿದರು.

ಆದರೆ ಸ್ಟ್ಯಾಂಪೀಡ್ ಫಲಿತಾಂಶದಲ್ಲಿ ಇನ್ನೊಂದು ಸಾಲು ಇತ್ತು. ಮೆಟ್‌ಫಾರ್ಮಿನ್ ತಗೊಂಡವರ ತೂಕ ಅಷ್ಟು ಏರಲಿಲ್ಲ. ಫಾಸ್ಟಿಂಗ್ ಶುಗರ್, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್ ಇವೆಲ್ಲ ಮಾಮೂಲಿ ಗುಂಪಿಗಿಂತ ಚೆನ್ನಾಗಿದ್ದವು. ಹೊಟ್ಟೆ ಕೆಡುವುದು, ಭೇದಿ ಮಾತ್ರ ಜಾಸ್ತಿ. ಅಂದರೆ ಮಾತ್ರೆ ಕ್ಯಾನ್ಸರನ್ನು ಸೋಲಿಸಲಿಲ್ಲ, ಆದರೆ ಕ್ಯಾನ್ಸರಿನ ಚಿಕಿತ್ಸೆ ದೇಹಕ್ಕೆ ಮಾಡುವ ಕೆಡುಕಿಗೆ ಸ್ವಲ್ಪ ತಡೆ ಹಾಕಿತು. 1960ರ ದಶಕದ ಆ ಮಾಜಿ ಸೈನಿಕರನ್ನು ನೆನಪಿಸಿಕೊಳ್ಳಿ. ಕ್ಯಾನ್ಸರ್ ಸೋತು ರೋಗಿ ಉಳಿಯದ ಕಥೆ. ಪ್ರಾಸ್ಟೇಟ್ ಕ್ಯಾನ್ಸರ್ ಬಂದವರು ಈಗ ಎಷ್ಟೋ ವರ್ಷ ಬದುಕುತ್ತಾರೆ. ಅಷ್ಟು ವರ್ಷ ಅವರ ಹೃದಯವೂ ನಡೆಯಬೇಕಲ್ಲ?

ಭಾವನಿಗೆ ನಾನು ಮುಖ್ಯವಾಗಿ ತೋರಿಸಿದ್ದು ಇನ್ನೊಂದನ್ನು. ಸ್ಟ್ಯಾಂಪೀಡಿನಲ್ಲಿ ಹಾರ್ಮೋನ್ ಚಿಕಿತ್ಸೆ ಎರಡೂ ಗುಂಪಿಗೂ ಇತ್ತು. ಈ ಮಾತ್ರೆಯ ಮೇಲೆ ಪ್ರಪಂಚದಲ್ಲೇ ಅತಿ ಹೆಚ್ಚು ಆಸೆ ಇಟ್ಟಿದ್ದ ಡಾಕ್ಟರುಗಳು ಕೂಡ ಇಂಜೆಕ್ಷನ್ ಬದಲು ಮಾತ್ರೆ ಅಂತ ಯಾರಿಗೂ ಕೊಡಲಿಲ್ಲ. ಇಂಜೆಕ್ಷನ್ ಜೊತೆಗೆ ಕೊಟ್ಟರು.

ನಡಿಗೆ, ಊಟ, ತೂಕ ಎತ್ತುವುದು

ಮಾತ್ರೆಯ ಆಸೆ ಇದ್ದ ಹಾಗೆ ಪಥ್ಯದ ಆಸೆಯೂ ಇತ್ತು. 2005ರಲ್ಲಿ ಡೀನ್ ಆರ್ನಿಷ್ ಅನ್ನುವ ಅಮೆರಿಕದ ವೈದ್ಯರು 93 ಜನರ ಮೇಲೆ ಪರೀಕ್ಷೆ ಮಾಡಿದ್ದರು. ಪೂರ್ತಿ ಸಸ್ಯಾಹಾರ, ಯೋಗ, ನಡಿಗೆ ಮಾಡಿದವರ ಪಿಎಸ್‌ಎ ವರ್ಷದಲ್ಲಿ 4 ಶೇಕಡಾ ಇಳಿಯಿತು, ಉಳಿದವರದ್ದು 6 ಶೇಕಡಾ ಏರಿತು. ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುವುದು ಸಹಜ. ಆದರೆ 2020ರಲ್ಲಿ 478 ಜನರ ದೊಡ್ಡ ಪರೀಕ್ಷೆ ಬಂತು. ದಿನಕ್ಕೆ ಏಳು ಪಾಲು ತರಕಾರಿ ತಿನ್ನುವ ಹಾಗೆ ಫೋನಿನಲ್ಲಿ ಎರಡು ವರ್ಷ ಸಲಹೆ ಕೊಟ್ಟರು. ಜನ ತರಕಾರಿ ತಿಂದರು ಕೂಡ. ಕ್ಯಾನ್ಸರ್ ಮುಂದುವರಿಯುವುದು ನಿಲ್ಲಲಿಲ್ಲ. ಪಲ್ಯ ತಿಂದು ಗಡ್ಡೆ ಕರಗಿಸಬಹುದು ಅನ್ನುವ ಮಾತಿಗೂ ಮಾತ್ರೆಯ ಗತಿಯೇ ಆಯಿತು.

ಹಾಗಂತ ಪಥ್ಯ, ವ್ಯಾಯಾಮ ದಂಡ ಅಂತ ಅಲ್ಲ. ಪ್ರಶ್ನೆ ಬದಲಾಯಿಸಿ ನೋಡಿ. ಕ್ಯಾನ್ಸರ್ ಬಿಡಿ, ಶುಗರ್ ತಡೆಯುತ್ತಾ? ದೇಹ ಉಳಿಸುತ್ತಾ? ಇಲ್ಲಿ ಉತ್ತರ ತುಂಬ ಗಟ್ಟಿಯಾಗಿದೆ. 2002ರಲ್ಲಿ ಅಮೆರಿಕದಲ್ಲಿ ಡಯಾಬಿಟಿಸ್ ಹೊಸ್ತಿಲಲ್ಲಿದ್ದ 3,234 ಜನರ ಪರೀಕ್ಷೆ. ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ತೂಕದಲ್ಲಿ 7 ಶೇಕಡಾ ಇಳಿಕೆಯ ಗುರಿ ಇಟ್ಟುಕೊಂಡವರಲ್ಲಿ ಡಯಾಬಿಟಿಸ್ 58 ಶೇಕಡಾ ಕಡಿಮೆಯಾಯಿತು. ಮೆಟ್‌ಫಾರ್ಮಿನ್‌ನಿಂದ 31 ಶೇಕಡಾ. 60 ದಾಟಿದವರಲ್ಲಿ ನಡಿಗೆ, ಪಥ್ಯದ ಲಾಭ ಇನ್ನೂ ಹೆಚ್ಚು, 71 ಶೇಕಡಾ. ಮಾತ್ರೆಯ ಲಾಭ ಆ ವಯಸ್ಸಿನಲ್ಲಿ ತೀರಾ ಕಡಿಮೆ. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಬರೋದೇ ಆ ವಯಸ್ಸಿನವರಿಗೆ ಅನ್ನೋದು ನೆನಪಿರಲಿ.

ಇದು ಅಮೆರಿಕದವರ ಲೆಕ್ಕ, ಅನ್ನ ತಿನ್ನುವ ನಮಗೆ ಹೊಂದುತ್ತಾ ಅಂತ ಕೇಳಬಹುದು. ಚೆನ್ನೈನಲ್ಲಿರುವ ನಮ್ಮ ಓದುಗರಿಗೆ ಹೆಮ್ಮೆಯಾಗುವ ವಿಷಯ ಹೇಳ್ತೀನಿ. ಆ ಊರಿನ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಸಂಗಡಿಗರು ನಮ್ಮ ಜನರ ಮೇಲೇ ಇದನ್ನು ಮಾಡಿ 2006ರಲ್ಲಿ ಪ್ರಕಟಿಸಿದರು. 531 ಜನ. ಏನೂ ಮಾಡದವರಲ್ಲಿ ಮೂರು ವರ್ಷದಲ್ಲಿ 55 ಶೇಕಡಾ ಜನಕ್ಕೆ ಡಯಾಬಿಟಿಸ್ ಬಂತು. ನೋಡಿ, ನಮ್ಮ ಮೈ ಎಷ್ಟು ಬೇಗ ಆ ಕಡೆ ವಾಲುತ್ತದೆ! ನಡಿಗೆ, ಪಥ್ಯ ಮಾಡಿದವರಲ್ಲಿ 39.3 ಶೇಕಡಾ. ಮೆಟ್‌ಫಾರ್ಮಿನ್ ತಗೊಂಡವರಲ್ಲಿ 40.5. ಎರಡೂ ಮಾಡಿದವರಲ್ಲಿ 39.5. ಅಂದರೆ ನಮ್ಮವರಲ್ಲಿ ಎರಡೂ ಸಮ, ಎರಡನ್ನೂ ಸೇರಿಸಿದರೆ ಹೆಚ್ಚುವರಿ ಲಾಭ ಕಾಣಲಿಲ್ಲ. ಇದು ಪ್ರಾಸ್ಟೇಟ್ ರೋಗಿಗಳ ಅಧ್ಯಯನ ಅಲ್ಲ, ಆದರೆ ಇಂಜೆಕ್ಷನ್ ಶುರುವಾಗುವ ಹೊತ್ತಿಗೇ ಹೊಸ್ತಿಲಲ್ಲಿ ನಿಂತಿರುವ ನಮ್ಮ ಅಪ್ಪ, ಮಾವ, ಭಾವಂದಿರ ಮೈ ಇದೇ ಅಲ್ಲವೇ?

ಪ್ರಾಸ್ಟೇಟ್ ರೋಗಿಗಳ ಮೇಲೆಯೇ ಆದ ಕೆಲಸವೂ ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಡೇನಿಯಲ್ ಗಲ್ವಾವ್, ರಾಬರ್ಟ್ ನ್ಯೂಟನ್ ತಂಡ ಹಾರ್ಮೋನ್ ಚಿಕಿತ್ಸೆಯಲ್ಲಿದ್ದ 57 ಗಂಡಸರಲ್ಲಿ ಅರ್ಧ ಜನಕ್ಕೆ 12 ವಾರ ವಾರಕ್ಕೆರಡು ದಿನ ತೂಕ ಎತ್ತುವ ವ್ಯಾಯಾಮ, ಜೊತೆಗೆ ನಡಿಗೆ, ಸೈಕಲ್ ಮಾಡಿಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶ ಇದು. ಟೆಸ್ಟೋಸ್ಟೆರಾನ್ ಇಲ್ಲದಿದ್ದರೂ ಮಾಂಸಖಂಡ ಹೆಚ್ಚಿತು, ಬಲ ಬಂತು, ನಡಿಗೆ ಸುಧಾರಿಸಿತು. ಬರೀ ಬೆಳಗಿನ ವಾಕಿಂಗ್ ಸಾಲದು, ಸ್ವಲ್ಪ ಭಾರ ಎತ್ತಲೂ ಬೇಕು ಅನ್ನೋದು ಇಲ್ಲಿಂದ ಬಂದ ಪಾಠ. ಯಾಕೆ ಅಂತ ನಿಮಗೀಗ ಗೊತ್ತು. ಸಕ್ಕರೆ ಹೋಗಿ ಸೇರುವ ಉಗ್ರಾಣವೇ ಮಾಂಸಖಂಡ.

ಒಂದೆರಡು ಎಚ್ಚರಿಕೆ. ಕ್ಯಾನ್ಸರ್ ಬೆನ್ನುಮೂಳೆ, ಸೊಂಟದ ಮೂಳೆಗೆ ಹರಡಿದ್ದರೆ ಡಾಕ್ಟರನ್ನು ಕೇಳದೆ ಭಾರ ಎತ್ತಬೇಡಿ, ಮೂಳೆ ಮುರಿಯಬಹುದು. ಪ್ರಾಸ್ಟೇಟ್ ಊದಿಕೊಂಡು ಮೂತ್ರಕ್ಕೆ ಅಡ್ಡವಾದರೆ ಕಿಡ್ನಿಗೆ ಪೆಟ್ಟಾಗುತ್ತದೆ. ಕಿಡ್ನಿ ತೀರಾ ಸೋತವರಿಗೆ ಮೆಟ್‌ಫಾರ್ಮಿನ್ ಕೂಡದು. ಆ ದಾಯಾದಿ ಫೆನ್‌ಫಾರ್ಮಿನ್ ಕಲಿಸಿದ ಪಾಠ ಇದು. ಡಾಕ್ಟರು ಪದೇ ಪದೇ ಕ್ರಿಯಾಟಿನಿನ್ ನೋಡುವುದು, ಡೈ ಹಾಕಿ ಸ್ಕ್ಯಾನ್ ಮಾಡುವ ಮುಂಚೆ ಈ ಮಾತ್ರೆ ತಗೋತೀರಾ ಅಂತ ಕೇಳುವುದು ಅದಕ್ಕೇ. ವರ್ಷಗಟ್ಟಲೆ ಇದನ್ನು ತಿಂದರೆ ಬಿ12 ಕಡಿಮೆಯಾಗಬಹುದು, ಸಸ್ಯಾಹಾರಿಗಳು ಮುಖ್ಯವಾಗಿ ನೋಡಿಸಿಕೊಳ್ಳಬೇಕು. ಇನ್ನೊಂದು, ಅಬಿರಾಟೆರಾನ್ ಅನ್ನುವ ಮಾತ್ರೆ ಕೊಡುವಾಗ ಜೊತೆಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಇರುತ್ತದೆ, ಅದೂ ಶುಗರ್ ಏರಿಸುತ್ತದೆ. ಆದ್ದರಿಂದ ಚಿಕಿತ್ಸೆ ಶುರುವಾಗುವ ಮುಂಚೆ ಒಂದು ಸಲ, ಆಮೇಲೆ ಆಗಾಗ ಶುಗರ್, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಕ್ಯಾನ್ಸರ್ ಡಾಕ್ಟರಿಗೂ ಶುಗರ್ ಡಾಕ್ಟರಿಗೂ ಒಂದೇ ಫೈಲ್ ತೋರಿಸಿ. ನಮ್ಮವರು ಎರಡು ಫೈಲ್ ಮಾಡಿ, ಒಬ್ಬರ ಔಷಧಿ ಇನ್ನೊಬ್ಬರಿಗೆ ಹೇಳುವುದೇ ಇಲ್ಲ.

ಭಾವನಿಗೆ ಹೇಳಿದ್ದು

ವಾರ ಕಳೆದ ಮೇಲೆ ಪುಣೆಗೇ ಹೋದೆ. ಇದನ್ನೆಲ್ಲ ಹೇಳಿದೆ. ಭಾವ ಸುಮ್ಮನೆ ಕೇಳಿದರು. ಆಮೇಲೆ, "ಹಾಗಾದರೆ ಆ ಮಾತ್ರೆಯಿಂದ ಕ್ಯಾನ್ಸರ್ ಹೋಗಲ್ಲ ಅಂತೀಯಾ?" ಅಂದರು. ಮುಖ ಸಣ್ಣದಾಗಿತ್ತು. ಆ ಮೆಸೇಜನ್ನು ಅವರು ಎಷ್ಟು ನೆಚ್ಚಿಕೊಂಡಿದ್ದರು ಅಂತ ನನಗೆ ಗೊತ್ತಾದದ್ದು ಆಗ.

"ಹೋಗಲ್ಲ ಭಾವ. ಕ್ಯಾನ್ಸರ್ ಕೆಲಸ ಇಂಜೆಕ್ಷನ್ನಿಗೆ ಬಿಡಿ. ಇಂಜೆಕ್ಷನ್ ಮಾಡೋ ಉಪದ್ರವ ನೋಡ್ಕೊಳ್ಳೋಕೆ ಮಾತ್ರೆ, ನಡಿಗೆ, ಊಟ. ಒಬ್ಬರ ಕೆಲಸ ಇನ್ನೊಬ್ಬರ ಕೈಲಿ ಮಾಡಿಸಬೇಡಿ" ಅಂದೆ. ಶುಗರ್ ಬಂದದ್ದು ಅವರ ತಪ್ಪಲ್ಲ, ಡಾಕ್ಟರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕು, ಬೇರೆ ದಾರಿ ಇದೆಯಾ ಅಂತ ಕೇಳುವ ಹಕ್ಕೂ ಅವರಿಗಿದೆ, ಆದರೆ ತಾವೇ ನಿಲ್ಲಿಸುವುದು ಬೇಡ ಅಂತಲೂ ಹೇಳಿದೆ.

ಅಕ್ಕ ಒಳಗಿನಿಂದಲೇ, "ನಾನು ಹೇಳಿದ್ರೆ ಕೇಳಲ್ಲ, ಇಸವಿ ಸಮೇತ ಹೇಳಿದ್ರೆ ಕೇಳ್ತಾರೆ" ಅಂದಳು.

ಭಾವ ಆ ತಿಂಗಳ ಇಂಜೆಕ್ಷನ್ ತಗೊಂಡರು. ಮಾತ್ರೆಯೂ ನಡೆದಿದೆ. ಡಾಕ್ಟರನ್ನು ಕೇಳಿಕೊಂಡು, ಫಿಸಿಯೋಥೆರಪಿಯವರ ಹತ್ತಿರ ಕುರ್ಚಿಯಿಂದ ಕೈ ಊರದೆ ಏಳುವುದು, ರಬ್ಬರ್ ಪಟ್ಟಿ ಎಳೆಯುವುದು ಕಲಿತಿದ್ದಾರೆ. ಸಂಜೆ ಅಕ್ಕನ ಜೊತೆ ಅರ್ಧ ಗಂಟೆ ನಡಿಗೆ. ರಾತ್ರಿ ಅನ್ನ ಒಂದು ಸೌಟಿಗೆ ಇಳಿದಿದೆ, ಹುಳಿಯಲ್ಲಿ ಬೇಳೆ ತರಕಾರಿ ಹೆಚ್ಚಿದೆ. ಹೊಟ್ಟೆ ಇನ್ನೂ ಇದೆ. ಸುಸ್ತೂ ಪೂರ್ತಿ ಹೋಗಿಲ್ಲ. ಆದರೆ ಮೊನ್ನೆ ಫೋನ್ ಮಾಡಿ, ಲಿಫ್ಟ್ ಕೆಟ್ಟಿತ್ತು, ಮೂರು ಮಹಡಿ ಹತ್ತಿ ಬಂದೆ, ನಡುವೆ ಒಂದೇ ಸಲ ನಿಂತೆ ಅಂದರು. ಪಿಎಸ್‌ಎ ರಿಪೋರ್ಟ್ ಹೇಳುವಾಗಲೂ ಅವರ ದನಿಯಲ್ಲಿ ಅಷ್ಟು ಸಂತೋಷ ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಇಂಜೆಕ್ಷನ್ ತಗೊಳ್ಳುವ ಹಿರಿಯರಿದ್ದರೆ, ಪಿಎಸ್‌ಎ ಎಷ್ಟು ಅಂತ ಕೇಳುವ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಶುಗರ್ ಯಾವಾಗ ನೋಡಿಸಿದ್ದು?